ಹೆಡ್ ಮೊದಲೋ, ಪೋರ್ಟ್ ಮೊದಲೋ

ಟೂ-ಸ್ಟ್ರೋಕ್ ರೇಸ್ ಇಂಜಿನ್ ಹುಚ್ಚಿನವರು ಇಬ್ಬರು ಸೇರಿದರೆ ಸಾಕು, ಐದು ನಿಮಿಷದೊಳಗೆ ಆ ಪ್ರಶ್ನೆ ಬಂದೇ ಬರುತ್ತದೆ: ಕಂಪ್ರೆಶನ್ ಎಷ್ಟಿಟ್ಟಿದ್ದೀರಿ? ಅಂದರೆ ಪಿಸ್ಟನ್ ಮೇಲೇರಿ ಪೆಟ್ರೋಲ್-ಗಾಳಿ ಮಿಶ್ರಣವನ್ನು ಎಷ್ಟರಲ್ಲೊಂದು ಪಾಲಿಗೆ ಒತ್ತುತ್ತದೆ ಅಂತ. ಒಬ್ಬರು 15 ಅಂತಾರೆ. ಇನ್ನೊಬ್ಬರು ಸ್ವಲ್ಪ ಸಂಕೋಚದಿಂದ 8 ಅಂತಾರೆ. 15ರವರ ಎದೆ ಉಬ್ಬುತ್ತದೆ. ಆದರೆ ಎರಡೂ ಇಂಜಿನ್ ಬಿಚ್ಚಿ ಅಳೆದರೆ ಹೆಡ್ಡಿನೊಳಗಿನ (ಸಿಲಿಂಡರಿನ ಮೇಲಿನ ಮುಚ್ಚಳದೊಳಗಿನ) ಜಾಗ ಇಬ್ಬರದೂ ಒಂದೇ ಇರಬಹುದು. ಅಷ್ಟು ಜಗಳ ಸುಮ್ನೆ ದಂಡ.

ಯಾಕೆ ಹೀಗೆ ಅಂದರೆ, ಒಬ್ಬರು ಪಿಸ್ಟನ್ ತೀರಾ ಕೆಳಗಿರುವಾಗಿನಿಂದ ಲೆಕ್ಕ ಹಿಡಿದಿದ್ದಾರೆ, ಇನ್ನೊಬ್ಬರು ಸುಟ್ಟ ಗ್ಯಾಸ್ ಹೊರಹೋಗುವ ಕಿಂಡಿ, ಅಂದರೆ ಎಕ್ಸಾಸ್ಟ್ ಪೋರ್ಟ್, ಮುಚ್ಚಿದ ಮೇಲಿನಿಂದ ಹಿಡಿದಿದ್ದಾರೆ. ಟೂ-ಸ್ಟ್ರೋಕ್‌ನಲ್ಲಿ ಪಿಸ್ಟನ್ ಮೇಲೇರಲು ಶುರುಮಾಡಿದಾಗ ಸಿಲಿಂಡರ್ ಗೋಡೆಯಲ್ಲಿ ದೊಡ್ಡದೊಂದು ಕಿಂಡಿ ಬಾಯಿ ತೆರೆದುಕೊಂಡೇ ಇರುತ್ತದೆ. ಅದು ಮುಚ್ಚುವ ತನಕ ಏನನ್ನು ಒತ್ತುವುದು? ಹಾಗಾಗಿ ಎರಡನೆಯ ಲೆಕ್ಕವೇ ಕೆಲಸಕ್ಕೆ ಬರುವಂಥದ್ದು ಅಂತ ನನ್ನ ಅಭಿಪ್ರಾಯ. ಅದೂ ಪೂರ್ತಿ ಸತ್ಯವಲ್ಲ, ಯಾಕೆ ಅಂತ ಮುಂದೆ ಬರುತ್ತದೆ.

ಅಂಕಿ ಹಿಡಿದೇ ನೋಡೋಣ. 125 ಸಿಸಿಯ ಒಂದು ಇಂಜಿನ್. ಬೋರ್ (ಸಿಲಿಂಡರಿನ ಒಳ ಅಗಲ) 54 ಮಿಮೀ, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 54.5 ಮಿಮೀ, ಕನೆಕ್ಟಿಂಗ್ ರಾಡ್ 110 ಮಿಮೀ. ಸಿಲಿಂಡರ್ ಗಾತ್ರ 124.8 ಸಿಸಿ ಆಯಿತು. ಹೆಡ್ಡಿನಲ್ಲಿ 9 ಸಿಸಿ ಜಾಗ ಅಂತಿಟ್ಟುಕೊಳ್ಳಿ. ಪೂರ್ತಿ ಸ್ಟ್ರೋಕ್ ಹಿಡಿದರೆ ಕಂಪ್ರೆಶನ್ 14.9. ಈಗ ಎಕ್ಸಾಸ್ಟ್ ಪೋರ್ಟ್ ಕ್ರ್ಯಾಂಕಿನ 360 ಡಿಗ್ರಿ ಸುತ್ತಿನಲ್ಲಿ ಒಟ್ಟು 195 ಡಿಗ್ರಿ ತೆರೆದಿರುತ್ತದೆ ಅಂದುಕೊಂಡರೆ, ಪಿಸ್ಟನ್ ಮೇಲಿನ ತುದಿಗೆ ಇನ್ನೂ 27 ಮಿಮೀ ಇದೆ ಅನ್ನುವಾಗ ಪೋರ್ಟ್ ಮುಚ್ಚುತ್ತದೆ. ಅಂದರೆ ಅರ್ಧ ಸ್ಟ್ರೋಕ್ ಆಗಲೇ ಖರ್ಚಾಗಿ ಹೋಗಿದೆ. ಉಳಿದದ್ದು 62 ಸಿಸಿ. ಲೆಕ್ಕ 7.9ಕ್ಕೆ ಬಂದು ಕೂರುತ್ತದೆ.

ಈಗ ಗ್ರೈಂಡರ್ ತೆಗೆದುಕೊಂಡು ಎಕ್ಸಾಸ್ಟ್ ಪೋರ್ಟಿನ ಮೇಲಂಚನ್ನು 1 ಮಿಮೀ ಮೇಲಕ್ಕೆ ಅರೆಯಿರಿ. 195 ಇದ್ದದ್ದು 199 ಡಿಗ್ರಿ ಆಗುತ್ತದೆ. ಹೆಡ್ಡನ್ನು ಯಾರೂ ಮುಟ್ಟಿಲ್ಲ, ಆದರೂ ಕಂಪ್ರೆಶನ್ 7.6ಕ್ಕೆ ಇಳಿದಿರುತ್ತದೆ. ಅದನ್ನು ಮತ್ತೆ 7.9ಕ್ಕೆ ತರಬೇಕಾದರೆ ಹೆಡ್ಡಿನ 9 ಸಿಸಿಯಲ್ಲಿ 0.34 ಸಿಸಿ ಕಡಿಮೆ ಮಾಡಬೇಕು. ಡ್ರಾಪರ್‌ನಿಂದ ಬಿಟ್ಟರೆ ಆರೇಳು ಹನಿ, ಅಷ್ಟೇ. ಹೆಡ್ಡನ್ನು ಲೇತಿಗೆ ಹಾಕಿ 0.15 ಮಿಮೀ ತೆಗೆದರೆ ಸರಿಹೋಗುತ್ತದೆ.

ಪೋರ್ಟ್ ಅರೆಯುವವರಲ್ಲಿ ಬಹಳ ಜನ ಈ ಎರಡನೇ ಅರ್ಧ ಮಾಡುವುದೇ ಇಲ್ಲ. ಪೋರ್ಟ್ ಏರಿಸುತ್ತಾರೆ, ಗಾಡಿ ಓಡಿಸುತ್ತಾರೆ, ಮೇಲಿನ ಆರ್‌ಪಿಎಂನಲ್ಲಿ ಸ್ವಲ್ಪ ಎಳೆಯುತ್ತದೆ, ಕೆಳಗಿನದರಲ್ಲಿ ಸತ್ತುಹೋಗಿದೆ. ರೇಸ್ ಇಂಜಿನ್ ಅಂದ್ರೆ ಹಾಗೇ ಅಲ್ವಾ ಅಂತ ಸಮಾಧಾನ ಮಾಡಿಕೊಳ್ಳುತ್ತಾರೆ. ಕೆಳಗೆ ಸತ್ತದ್ದರಲ್ಲಿ ಒಂದು ಪಾಲು ಪೋರ್ಟಿನದು, ನಿಜ. ಇನ್ನೊಂದು ಪಾಲು ಆ ಕಳೆದುಹೋದ ಕಂಪ್ರೆಶನ್‌ನದು. ಅದನ್ನು ವಾಪಸ್ ತರಬಹುದಿತ್ತು.

ಪೋರ್ಟ್ ಏರಿಸುವುದಾದರೂ ಯಾಕೆ? ಎಕ್ಸಾಸ್ಟ್ ತೆರೆದು, ಹೊಸ ಮಿಶ್ರಣ ಒಳಬರುವ ಟ್ರಾನ್ಸ್‌ಫರ್ ಪೋರ್ಟ್ ತೆರೆಯುವ ನಡುವೆ ಸಿಗುವ ಸಮಯಕ್ಕಾಗಿ. ಬ್ಲೋಡೌನ್ ಅನ್ನುವುದು ಇದಕ್ಕೇ. ಸುಟ್ಟ ಗ್ಯಾಸ್‌ನ ಒತ್ತಡ ಆ ಸಮಯದಲ್ಲಿ ಇಳಿದುಬಿಡಬೇಕು, ಇಲ್ಲದಿದ್ದರೆ ಟ್ರಾನ್ಸ್‌ಫರ್ ತೆರೆದ ಕೂಡಲೇ ಹೊಸ ಮಿಶ್ರಣ ಮೇಲೆ ಬರುವ ಬದಲು ಬಿಸಿ ಗ್ಯಾಸೇ ಕೆಳಗೆ ನುಗ್ಗುತ್ತದೆ. ಟ್ರಾನ್ಸ್‌ಫರ್ 130 ಡಿಗ್ರಿ, ಎಕ್ಸಾಸ್ಟ್ 195 ಡಿಗ್ರಿ ಇದ್ದರೆ ಬ್ಲೋಡೌನ್ 32.5 ಡಿಗ್ರಿ. 12,000 ಆರ್‌ಪಿಎಂನಲ್ಲಿ ಒಂದು ಸೆಕೆಂಡನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಅರ್ಧಕ್ಕಿಂತ ಕಡಿಮೆ, 0.45 ಭಾಗ. ಅದೇ ಇಂಜಿನ್ 6,000ದಲ್ಲಿ ತಿರುಗುವಾಗ ಇದರ ಎರಡರಷ್ಟು ಸಮಯ ಸಿಗುತ್ತದೆ, ಅಷ್ಟು ಬೇಕಾಗಿಯೇ ಇರುವುದಿಲ್ಲ. ಪಿಸ್ಟನ್ನನ್ನು ಇನ್ನೂ ಕೆಳಗೆ ತಳ್ಳಬಹುದಾಗಿದ್ದ ಒತ್ತಡ ಸುಮ್ನೆ ಹೊರಗೆ ಹೋಗುತ್ತದೆ.

ಬ್ಲೋಡೌನ್ ಸಾಲುತ್ತಿದೆಯಾ ಅಂತ ತಿಳಿಯಲು ಡೈನೋ (ಶಕ್ತಿ ಅಳೆಯುವ ಯಂತ್ರ) ಇರಲೇಬೇಕು ಅಂತಿಲ್ಲ. ಸಿಲಿಂಡರ್ ಬಿಚ್ಚಿದಾಗ ಟ್ರಾನ್ಸ್‌ಫರ್ ದಾರಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಬಾಯಿಯ ಹತ್ತಿರ ಕಪ್ಪು ಮಸಿ ಒಳಮುಖವಾಗಿ ಎಳೆದ ಹಾಗೆ ಹಿಡಿದಿದ್ದರೆ ಬಿಸಿ ಗ್ಯಾಸ್ ವಾಪಸ್ ಹೋಗುತ್ತಿದೆ ಅಂತಲೇ. ಅಲ್ಲಿ ಎಣ್ಣೆಯ ತೆಳು ಪದರ ಬಿಟ್ಟರೆ ಬೇರೇನೂ ಇಲ್ಲ, ಲೋಹ ಹಾಗೇ ಹೊಳೆಯುತ್ತಿದೆ ಅಂದರೆ ಇನ್ನೂ ಮೇಲಕ್ಕೆ ಅರೆಯುವುದಕ್ಕೆ ನನಗಂತೂ ಕಾರಣ ಕಾಣುವುದಿಲ್ಲ.

ಇನ್ನು ಪೈಪ್. ನಾವು ಸೈಲೆನ್ಸರ್ ಅಂತ ಕರೆಯುತ್ತೇವೆ, ಆದರೆ ಆ ಹೊಟ್ಟೆ ಉಬ್ಬಿದ ಪೈಪಿನ ಕೆಲಸ ಶಬ್ದ ತಗ್ಗಿಸುವುದಲ್ಲ. ಪೋರ್ಟ್ ತೆರೆದಾಗ ಹೊರಟ ಒತ್ತಡದ ಅಲೆ ಅಗಲವಾಗುವ ಕೋನ್ ದಾಟುವಾಗ ಒಂದು ಎಳೆತ ವಾಪಸ್ ಬರುತ್ತದೆ. ಅದು ಸಿಲಿಂಡರನ್ನು ಖಾಲಿ ಮಾಡಿ ಹೊಸ ಮಿಶ್ರಣವನ್ನು ಮೇಲಕ್ಕೆಳೆಯುತ್ತದೆ, ಸ್ವಲ್ಪ ಪೈಪಿನೊಳಕ್ಕೂ ಸುರಿಯುತ್ತದೆ. ಆಮೇಲೆ ಕೊನೆಯ ಕಿರಿದಾಗುವ ಕೋನ್‌ಗೆ ಬಡಿದ ಅಲೆ ಒತ್ತಡವಾಗಿ ಹಿಂತಿರುಗಿ, ಹೊರಗೆ ಬಂದಿದ್ದ ಹೊಸ ಮಿಶ್ರಣವನ್ನು ಪೋರ್ಟ್ ಮುಚ್ಚುವ ಮುಂಚೆ ಒಳಗೆ ತುರುಕುತ್ತದೆ. ಈ ಹೊತ್ತು ಸರಿಬಿದ್ದ ಕಡೆ ಸಿಲಿಂಡರಿನಲ್ಲಿ ಗಾಳಿಯ ಸಾಮಾನ್ಯ ಒತ್ತಡಕ್ಕಿಂತ ಜಾಸ್ತಿ ಇರುವಾಗಲೇ ಬಾಗಿಲು ಮುಚ್ಚುತ್ತದೆ. ಮೇಲೆ ಹೇಳಿದ 7.9 ಪೂರ್ತಿ ಸತ್ಯವಲ್ಲ ಅಂದದ್ದು ಇದಕ್ಕೇ. ಪೈಪ್ ಕೆಲಸ ಮಾಡುವ ಆರ್‌ಪಿಎಂನಲ್ಲಿ ಇಂಜಿನ್‌ಗೆ ಅದಕ್ಕಿಂತ ಜಾಸ್ತಿ ಕಂಪ್ರೆಶನ್ ಇದ್ದ ಹಾಗೆ, ಉಳಿದ ಕಡೆ ಅದಕ್ಕಿಂತ ಕಡಿಮೆ. ಕಿಕ್ ಹೊಡೆದು ಗೇಜಿನಲ್ಲಿ ಓದುವ ಕಂಪ್ರೆಶನ್ ಪೋರ್ಟ್ ಏರಿಸಿದ ಮೇಲೆ ಇಳಿದಿರುತ್ತದೆ, ಅದೇ ಇಂಜಿನ್ ಟ್ರ್ಯಾಕಿನಲ್ಲಿ ಜಾಸ್ತಿ ಶಕ್ತಿ ಕೊಡುತ್ತಿರುತ್ತದೆ. ಗೇಜು ಸುಳ್ಳು ಹೇಳುತ್ತಿಲ್ಲ, ಅದು ಕಿಕ್ ವೇಗದ ಕಥೆಯನ್ನಷ್ಟೇ ಹೇಳುತ್ತಿದೆ.

ಪೈಪಿನ ಉದ್ದಕ್ಕೆ ಒಂದು ಹಳೆಯ ಒರಟು ಲೆಕ್ಕವಿದೆ. ಅಲೆ ಸೆಕೆಂಡಿಗೆ ಸುಮಾರು 518 ಮೀಟರ್ ಹೋಗುತ್ತದೆ ಅಂತ ಹಿಡಿಯುವುದು. ಪೋರ್ಟ್ ತೆರೆದಿರುವಷ್ಟು ಹೊತ್ತಿನಲ್ಲಿ ಅದು ಕೊನೆಯ ಕೋನ್‌ಗೆ ಹೋಗಿ ವಾಪಸ್ ಬರಬೇಕು. 195 ಡಿಗ್ರಿ, 12,000 ಆರ್‌ಪಿಎಂ ಅಂದರೆ ಪಿಸ್ಟನ್ ಮುಖದಿಂದ ಆ ಕೋನಿನ ನಡುಭಾಗದ ತನಕ ಸುಮಾರು 70 ಸೆಂಟಿಮೀಟರ್. ಅದೇ ಪೈಪನ್ನು ಇಟ್ಟುಕೊಂಡು ಪೋರ್ಟನ್ನು 199 ಡಿಗ್ರಿಗೆ ಏರಿಸಿದರೆ ಪೈಪ್ ಹೊಂದುವ ಜಾಗ ಸುಮಾರು 250 ಆರ್‌ಪಿಎಂ ಮೇಲಕ್ಕೆ ಜರುಗುತ್ತದೆ.

ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಈಗ ಬರುತ್ತದೆ. ಆ 518 ಮೀಟರ್ ಎಲ್ಲಿಂದ ಬಂತು? ಪೈಪಿನೊಳಗೆ ಸರಾಸರಿ 400 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬಿಸಿ ಇದೆ ಅಂದುಕೊಂಡರೆ ಬರುವ ವೇಗ ಅದು. ಬಿಸಿ ಏರಿದರೆ ಅಲೆಯ ವೇಗವೂ ಏರುತ್ತದೆ. ಲೆಕ್ಕ ಹಾಕಿದರೆ ಇನ್ನೊಂದು 30 ಡಿಗ್ರಿ ಬಿಸಿ ಏರಿದರೂ ಸಾಕು, 1 ಮಿಮೀ ಪೋರ್ಟ್ ಅರೆದಾಗ ಪೈಪ್ ಎಷ್ಟು ಮೇಲಕ್ಕೆ ಜರುಗಿತ್ತೋ ಅಷ್ಟೇ ಇಲ್ಲೂ ಜರುಗುತ್ತದೆ. ಒಂದು ಚೂರು ಲೋಹವನ್ನೂ ತೆಗೆಯದೆ!

ಆ ಬಿಸಿಯನ್ನು ಹೆಚ್ಚುಕಡಿಮೆ ಮಾಡುವುದು ಯಾವುದು? ಇಗ್ನಿಶನ್ ಒಂದು. ಮೇಲಿನ ಆರ್‌ಪಿಎಂನಲ್ಲಿ ಕಿಡಿಯನ್ನು ಕೆಲವು ಡಿಗ್ರಿ ತಡ ಮಾಡಿದರೆ ಉರಿ ಪಿಸ್ಟನ್‌ಗೆ ಕಡಿಮೆ, ಪೈಪಿಗೆ ಜಾಸ್ತಿ ಹೋಗುತ್ತದೆ. ಅದಕ್ಕೇ ರೇಸ್ ಇಂಜಿನ್‌ಗಳ ಇಗ್ನಿಶನ್ ನಕ್ಷೆ ತುದಿಯಲ್ಲಿ ಹಾಗೆ ಧಡಕ್ಕನೆ ಕೆಳಗೆ ಬೀಳುವುದು. ಇನ್ನೊಂದು ಕಂಪ್ರೆಶನ್. ಅದು ಜಾಸ್ತಿಯಾದಷ್ಟೂ ಉರಿಯ ಹೆಚ್ಚಿನ ಪಾಲು ಪಿಸ್ಟನ್ ತಳ್ಳುವುದರಲ್ಲೇ ಖರ್ಚಾಗಿ, ಹೊರಗೆ ಬರುವ ಗ್ಯಾಸ್ ತಣ್ಣಗಾಗುತ್ತದೆ. ಪೈಪ್ ತಣ್ಣಗಾಯಿತು ಅಂದರೆ ಅದು ಕೆಳಗಿನ ಆರ್‌ಪಿಎಂಗೆ ಹೊಂದಿಕೊಳ್ಳುತ್ತದೆ. ಹೆಡ್ ಅರೆದು ಕಂಪ್ರೆಶನ್ ಏರಿಸಿದವರು ನಡುವೆ ಚೆನ್ನಾಗಿ ಎಳೆಯುತ್ತೆ, ತುದಿಯಲ್ಲಿ ಮಾತ್ರ ಉಸಿರು ಕಟ್ಟುತ್ತೆ ಅಂತಾರಲ್ಲ, ಕಾರಣ ಇದೇ. ಅವರು ಆಗ ಏನು ಮಾಡುತ್ತಾರೆ? ತುದಿ ಬೇಕು ಅಂತ ಪೋರ್ಟ್ ಏರಿಸುತ್ತಾರೆ. ಕಂಪ್ರೆಶನ್ ಇಳಿಯುತ್ತದೆ. ಮತ್ತೆ ಹೆಡ್ ಅರೆಯುತ್ತಾರೆ. ಹೀಗೆ ಒಂದನ್ನೊಂದು ಬೆನ್ನಟ್ಟಿಕೊಂಡು ಹೋಗಿ ಕೊನೆಗೆ 205 ಡಿಗ್ರಿ ಪೋರ್ಟ್, ಕಾಗದದಷ್ಟು ತೆಳು ಹೆಡ್, ಗೋಡೆಗೆ ನೇತುಹಾಕಿದ ತೂತುಬಿದ್ದ ಪಿಸ್ಟನ್. ಇಂಥ ಪಿಸ್ಟನ್ ಪ್ರತಿ ಗ್ಯಾರೇಜಿನಲ್ಲೂ ಒಂದಿರುತ್ತದೆ ಬಿಡಿ.

ತೂತುಬಿದ್ದ ಪಿಸ್ಟನ್ ಅಂದಾಗ ನಾಕಿಂಗ್ (ಕಿಡಿಯ ಉರಿ ತಲುಪುವ ಮುಂಚೆ ಮಿಶ್ರಣ ತಾನಾಗಿ ಹೊತ್ತಿಕೊಳ್ಳುವುದು) ಬಗ್ಗೆ ಹೇಳಬೇಕು, ಇದರಲ್ಲಿ ತಿರುಗಾಮುರುಗಾ ತಿಳಿದುಕೊಂಡ ವಿಷಯ ಒಂದಿದೆ. ನಾಕಿಂಗ್ ಬಂತು ಅಂದರೆ ದಪ್ಪ ಹೆಡ್ ಗ್ಯಾಸ್ಕೆಟ್ ಹಾಕಿ ಕಂಪ್ರೆಶನ್ ಇಳಿಸು ಅನ್ನುವುದು ಸಾಮಾನ್ಯ ಸಲಹೆ. ಅದರಿಂದ ನಾಕಿಂಗ್ ಹೆಚ್ಚಾಗಲೂಬಹುದು. ಹೆಡ್ಡಿನ ಸುತ್ತಲೂ ಒಂದು ಚಪ್ಪಟೆ ಪಟ್ಟಿ ಇರುತ್ತದಲ್ಲ, ಸ್ಕ್ವಿಶ್ ಅಂತಾರೆ, ಪಿಸ್ಟನ್ ಮೇಲೆ ಬಂದಾಗ ಅಲ್ಲಿನ ಮಿಶ್ರಣ ಹಿಂಡಿಕೊಂಡು ನಡುವಿನ ಗುಂಡಿಗೆ ರಭಸದಿಂದ ನುಗ್ಗಬೇಕು. ಸಂದು ಚಿಕ್ಕದಿದ್ದರೆ ಅಂಚಿನಲ್ಲಿ ಉಳಿಯುವ ಮಿಶ್ರಣ ಕಡಿಮೆ, ಉಳಿದದ್ದೂ ಎರಡು ಕಡೆಯ ತಣ್ಣನೆ ಲೋಹಕ್ಕೆ ಅಂಟಿಕೊಂಡ ಹಾಗಿರುವುದರಿಂದ ತಾನಾಗಿ ಹೊತ್ತಿಕೊಳ್ಳುವುದಿಲ್ಲ. ಗ್ಯಾಸ್ಕೆಟ್ ದಪ್ಪ ಮಾಡಿ ಸಂದನ್ನು 0.8ರಿಂದ 1.4 ಮಿಮೀಗೆ ಏರಿಸಿದರೆ ಹೊತ್ತಿಕೊಳ್ಳಲು ಹೇಳಿಮಾಡಿಸಿದ ಜಾಗವನ್ನೇ ಕೊಟ್ಟ ಹಾಗಾಯಿತು. ಕಂಪ್ರೆಶನ್ ಇಳಿಸಬೇಕಿದ್ದರೆ ಸಂದು ಹಾಗೇ ಇರಲಿ, ನಡುವಿನ ಗುಂಡಿಯನ್ನು ಲೇತಿನಲ್ಲಿ ಸ್ವಲ್ಪ ದೊಡ್ಡದು ಮಾಡಿ. ಈ ಗಾತ್ರದ ಇಂಜಿನ್‌ಗೆ 0.7ರಿಂದ 0.9 ಮಿಮೀ ನನಗೆ ಸಮಾಧಾನ ಕೊಡುವ ಸಂದು. ಇನ್ನೂ ಕೆಳಗೆ ಹೋದರೆ ಬೇರಿಂಗಿನ ಆಟ, ರಾಡ್ ಹಿಗ್ಗುವುದು ಎಲ್ಲಾ ಸೇರಿ ಪಿಸ್ಟನ್ ಹೆಡ್ಡಿಗೆ ತಾಗುವ ಭಯ.

ಅಳೆಯುವುದು ಸುಲಭ. ಪ್ಲಗ್ ತೂತಿನಿಂದ ಸೋಲ್ಡರ್ ತಂತಿ ಬಗ್ಗಿಸಿ ಸಿಲಿಂಡರ್ ಗೋಡೆ ಮುಟ್ಟುವ ತನಕ ತೂರಿಸಿ ಕ್ರ್ಯಾಂಕನ್ನು ಕೈಯಲ್ಲೇ ಒಮ್ಮೆ ಮೇಲ್ತುದಿ ದಾಟಿಸಿ. ಚಪ್ಪಟೆಯಾದ ತುದಿಯನ್ನು ವರ್ನಿಯರ್‌ನಲ್ಲಿ ಹಿಡಿಯಿರಿ. ತಂತಿ ಪಿಸ್ಟನ್ ಪಿನ್ನಿನ ಸಾಲಿನಲ್ಲೇ, ಎಡಕ್ಕೂ ಬಲಕ್ಕೂ ಇರಬೇಕು. ಅಡ್ಡ ಇಟ್ಟರೆ ಪಿಸ್ಟನ್ ಒಂದು ಕಡೆ ವಾಲಿ ಸಂದು ಜಾಸ್ತಿ ತೋರಿಸುತ್ತದೆ. ಹೆಡ್ಡಿನ ಸಿಸಿ ಅಳೆಯುವಾಗ ಬ್ಯುರೆಟ್, ತೆಳು ಎಣ್ಣೆ, ಅಂಚಿಗೆ ಸ್ವಲ್ಪ ಗ್ರೀಸ್. ಪಾರದರ್ಶಕ ಅಕ್ರಿಲಿಕ್ ತುಂಡಿಗೆ ತೂತು ಕೊರೆದು ಹೆಡ್ಡಿನ ಮೇಲೆ ಕೂರಿಸಿ, ಎಣ್ಣೆ ತುಂಬುತ್ತಾ ಬಂದ ಹಾಗೆ ಕೊನೆಯ ಗಾಳಿಗುಳ್ಳೆಯನ್ನು ಓರೆ ಮಾಡಿ ಹೊರಗೆ ಓಡಿಸಬೇಕು. ಪಿಸ್ಟನ್ ತಲೆ ಉಬ್ಬಿದ್ದರೆ ಈ ಅಳತೆ ಸಾಲದು, ಪಿಸ್ಟನ್ ಮೇಲ್ತುದಿಯಲ್ಲಿಟ್ಟು ಹೆಡ್ ಬಿಗಿದು ಪ್ಲಗ್ ತೂತಿನಿಂದಲೇ ತುಂಬಬೇಕು. ಹನಿಯ ಲೆಕ್ಕ ಮೇಲೆ ನೋಡಿದಿರಲ್ಲ, ಒಂದು ಗುಳ್ಳೆ ಉಳಿದರೂ ಉತ್ತರ ತಪ್ಪುತ್ತದೆ.

ಇನ್ನೊಂದು ಮೋಸದ ಜಾಗ ಅಂದರೆ ಸಿಲಿಂಡರ್ ಕೆಳಗಿನ ಗ್ಯಾಸ್ಕೆಟ್. ಅರೆಯಲು ಧೈರ್ಯವಿಲ್ಲದವರು ಕೆಳಗೆ ದಪ್ಪ ಗ್ಯಾಸ್ಕೆಟ್ ಹಾಕಿ ಸಿಲಿಂಡರನ್ನೇ ಎತ್ತಿಬಿಡುತ್ತಾರೆ. ನನಗೆ ಈ ಉಪಾಯದ ಮೇಲೆ ಗೌರವ ಇದೆ, ಬೇಡ ಅನಿಸಿದರೆ ವಾಪಸ್ ತೆಗೆಯಬಹುದಲ್ಲ. ಆದರೆ ನಮ್ಮ ಇದೇ ಇಂಜಿನ್ನನ್ನು 0.5 ಮಿಮೀ ಎತ್ತಿದರೆ ಎಕ್ಸಾಸ್ಟ್‌ಗೆ ಸೇರುವುದು 2 ಡಿಗ್ರಿ, ಟ್ರಾನ್ಸ್‌ಫರ್‌ಗೆ ಸೇರುವುದು 2.6 ಡಿಗ್ರಿ. ಪಿಸ್ಟನ್ ಕೆಳಗೆ ಹೋದಷ್ಟೂ ನಿಧಾನವಾಗುತ್ತದೆ, ಹಾಗಾಗಿ ಅಲ್ಲಿ ಅಷ್ಟೇ ದೂರಕ್ಕೆ ಡಿಗ್ರಿ ಜಾಸ್ತಿ. ಫಲ ಏನಾಯಿತು? ಎಕ್ಸಾಸ್ಟ್ ಅವಧಿ ಏರಿದೆ, ಬ್ಲೋಡೌನ್ ಕೂದಲೆಳೆಯಷ್ಟು ಇಳಿದಿದೆ. ಜೊತೆಗೆ ಸ್ಕ್ವಿಶ್ ಸಂದು ಅರ್ಧ ಮಿಮೀ ಏರಿದೆ, ಹೆಡ್ ಕೆಳಗಿಳಿಸಿ ಅದನ್ನು ತುಂಬಿಕೊಳ್ಳದಿದ್ದರೆ ಕಥೆ ಮುಗಿಯಿತು.

ಪೋರ್ಟಿನ ಎತ್ತರದ ಬಗ್ಗೆ ಇಷ್ಟು ಮಾತಾಡಿ ಅಗಲದ ಬಗ್ಗೆ ಸುಮ್ಮನಿದ್ದರೆ ತಪ್ಪಾಗುತ್ತದೆ. ಬ್ಲೋಡೌನ್‌ಗೆ ಬೇಕಾದದ್ದು ಡಿಗ್ರಿ ಮಾತ್ರವಲ್ಲ, ಆ ಡಿಗ್ರಿಗಳಲ್ಲಿ ತೆರೆದ ಕಿಂಡಿಯ ವಿಸ್ತಾರ. ಅಗಲ ಮಾಡಿದರೆ ಎತ್ತರ ಏರಿಸದೆಯೇ ಅದು ಸಿಗುತ್ತದೆ, ಕಂಪ್ರೆಶನ್‌ಗೂ ಧಕ್ಕೆ ಇಲ್ಲ. ಅಡ್ಡಿ ಬರುವುದು ಪಿಸ್ಟನ್ ರಿಂಗ್. ನಡುವೆ ಕಂಬವಿಲ್ಲದ ಒಂದೇ ಕಿಂಡಿಯನ್ನು ಬೋರಿನ ಶೇ 70ರಷ್ಟು ಅಗಲದ ತನಕ ತೆಗೆದುಕೊಂಡು ಹೋಗಬಹುದು, ಅದರಾಚೆ ರಿಂಗ್ ಕಿಂಡಿಯೊಳಕ್ಕೆ ಉಬ್ಬಿ ಮೇಲಂಚಿಗೆ ಸಿಕ್ಕಿಕೊಳ್ಳುತ್ತದೆ. ಮೇಲಂಚು ಕಮಾನಿನ ಹಾಗಿರಬೇಕು, ಅಂಚನ್ನು ಉಜ್ಜಿ ನಯ ಮಾಡಿರಬೇಕು. ಒಳಗೆ ನಿಕಸಿಲ್ ಲೇಪನವಿರುವ ಸಿಲಿಂಡರಾದರೆ ಗ್ರೈಂಡರನ್ನು ಬೋರ್ ಕಡೆಯಿಂದ ಹೊರಗೆ ಓಡುವ ಹಾಗೆ ಹಿಡಿಯಬೇಕು, ಉಲ್ಟಾ ಹಿಡಿದರೆ ಲೇಪನ ಚಕ್ಕೆ ಏಳುತ್ತದೆ.

ದೊಡ್ಡ ದೊಡ್ಡವರು ಹಿಡಿದ ದಾರಿಯೂ ಇದೇ. ಪೂರ್ವ ಜರ್ಮನಿಯ ಎಂಝಡ್ ಬೈಕ್ ಕಂಪನಿಯಲ್ಲಿ ಇಂಜಿನಿಯರ್ ವಾಲ್ಟರ್ ಕಾಡನ್ ಪೈಪಿನ ಅಲೆಗಳನ್ನು ಹಿಡಿದು ಪಳಗಿಸಿ 1961ರಲ್ಲಿ 125 ಸಿಸಿಯಿಂದ 25 ಅಶ್ವಶಕ್ತಿ ತೆಗೆದರು. ಲೀಟರಿಗೆ 200 ಅಶ್ವಶಕ್ತಿ, ಸೂಪರ್‌ಚಾರ್ಜರ್ ಇಲ್ಲದೆ ಅಲ್ಲಿಯ ತನಕ ಯಾವ ಇಂಜಿನ್ನೂ ಮುಟ್ಟದ ಗುರುತು. ಅದೇ ವರ್ಷ ಅವರ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ ರೇಸಿನಿಂದ ಪಶ್ಚಿಮಕ್ಕೆ ಓಡಿಹೋದರು, ಆ ಗುಟ್ಟುಗಳೂ ಸುಝುಕಿಗೆ ಹೋದವು, 1962ರಲ್ಲಿ 50 ಸಿಸಿ ವಿಶ್ವ ಪ್ರಶಸ್ತಿ ಸುಝುಕಿಗೆ ಬಂತು. 125 ಸಿಸಿ ವಿಶ್ವ ಚಾಂಪಿಯನ್‌ಶಿಪ್ 2011ರಲ್ಲಿ ಮುಗಿಯುವ ಹೊತ್ತಿಗೆ ಇಂಜಿನಿಯರ್ ಯಾನ್ ಥೀಲ್ ಬೆಳೆಸಿದ ಎಪ್ರಿಲಿಯಾ ಅದೇ ಗಾತ್ರದಿಂದ 54ರ ಹತ್ತಿರ ಅಶ್ವಶಕ್ತಿ ಕೊಡುತ್ತಿತ್ತು. ಅದರ ಬೋರ್, ಸ್ಟ್ರೋಕ್ ನಾನು ಮೇಲೆ ಲೆಕ್ಕಕ್ಕೆ ತೆಗೆದುಕೊಂಡವೇ. ಇಷ್ಟಾದರೂ ಎಕ್ಸಾಸ್ಟ್ ಅವಧಿ 200 ಡಿಗ್ರಿಯ ಆಸುಪಾಸಿನಲ್ಲೇ ನಿಂತುಬಿಟ್ಟಿತ್ತು. ದೊಡ್ಡ ಕಿಂಡಿಯ ಎರಡೂ ಪಕ್ಕ ಸಣ್ಣ ಸಹಾಯಕ ಪೋರ್ಟ್ ಬಂದವು, ಅಂದರೆ ಅಗಲ ಬೆಳೆಯಿತು. ಗೇರ್ ಇರುವ ಕೆಝಡ್ ವರ್ಗದ ರೇಸ್ ಗೋ-ಕಾರ್ಟ್‌ಗಳ ನಿಯಮ ಪುಸ್ತಕದಲ್ಲೂ ಎಕ್ಸಾಸ್ಟ್‌ಗೆ 199 ಡಿಗ್ರಿ ಮಿತಿ, ಹೆಡ್ಡಿಗೆ 13 ಸಿಸಿಗಿಂತ ಕಡಿಮೆ ಇರಬಾರದು ಅನ್ನುವ ಮಿತಿ ಒಟ್ಟೊಟ್ಟಿಗೇ ಇವೆ. ಒಂದನ್ನು ಮಾತ್ರ ಕಟ್ಟಿಹಾಕಿದರೆ ಇನ್ನೊಂದರಲ್ಲಿ ಆಟ ಆಡುತ್ತಾರೆ ಅಂತ ನಿಯಮ ಬರೆದವರಿಗೆ ಗೊತ್ತು.

ಪವರ್ ವಾಲ್ವ್, ಅಂದರೆ ಆರ್‌ಪಿಎಂಗೆ ತಕ್ಕ ಹಾಗೆ ಎಕ್ಸಾಸ್ಟ್ ಪೋರ್ಟಿನ ಮೇಲಂಚನ್ನು ಏರಿಳಿಸುವ ಬಾಗಿಲು, ಇರುವ ಇಂಜಿನ್‌ನಲ್ಲಿ ಈ ನಂಟು ಕಣ್ಣಿಗೇ ಕಾಣುತ್ತದೆ. ಯಮಹಾ 1970ರ ದಶಕದ ಕೊನೆಯಲ್ಲಿ ರೇಸ್ ಬೈಕುಗಳಿಗೆ ಹಾಕಿದ್ದು, ಆಮೇಲೆ ಎಲ್ಲರೂ ಹಾಕಿದರು. ಕಡಿಮೆ ಆರ್‌ಪಿಎಂನಲ್ಲಿ ವಾಲ್ವ್ ಇಳಿದು ಪೋರ್ಟಿನ ಮೇಲಂಚು 7 ಮಿಮೀ ಕೆಳಗೆ ಬಂತು ಅಂದುಕೊಳ್ಳಿ. ಅದೇ 9 ಸಿಸಿ ಹೆಡ್ಡಿನಲ್ಲಿ ಲೆಕ್ಕದ ಕಂಪ್ರೆಶನ್ 7.9ರಿಂದ 9.6ರ ಮೇಲಕ್ಕೆ ಹಾರುತ್ತದೆ. ಆದರೂ ನಾಕಿಂಗ್ ಬರುವುದಿಲ್ಲ, ಯಾಕಂದರೆ ಅಲ್ಲಿ ಪೈಪ್ ಏನನ್ನೂ ತುರುಕುತ್ತಿಲ್ಲ, ಸಿಲಿಂಡರ್ ಅರೆಹೊಟ್ಟೆಯಲ್ಲಿದೆ. ಕಂಪ್ರೆಶನ್‌ಗೆ ಮಿತಿ ಹಾಕುವುದು ಪೈಪ್ ಪೂರ್ತಿ ತುಂಬಿಸುವ ಆ ಕೆಲವು ಸಾವಿರ ಆರ್‌ಪಿಎಂ ಮಾತ್ರ. ಅಲ್ಲಿ ಪೆಟ್ರೋಲ್ ತಡೆದುಕೊಂಡರೆ ಸರಿ. 1998ರಲ್ಲಿ ಗ್ರ್ಯಾಂಡ್ ಪ್ರಿ ರೇಸಿಂಗ್ ಸೀಸವಿಲ್ಲದ ಪೆಟ್ರೋಲಿಗೆ ಬದಲಾದಾಗ ಟೂ-ಸ್ಟ್ರೋಕ್ ತಂಡಗಳು ಹೆಡ್ಡಿನಿಂದ ಹಿಡಿದು ಎಲ್ಲವನ್ನೂ ಮತ್ತೆ ಹೊಂದಿಸಬೇಕಾಯಿತು.

ಹಾಗಾದರೆ ಎಲ್ಲಿಂದ ಶುರು? ನನ್ನ ಕ್ರಮ ಹೀಗೆ. ಮೊದಲು ಸ್ಕ್ವಿಶ್ ಸಂದು ಸರಿ ಮಾಡುವುದು. ಆಮೇಲೆ ಡಿಗ್ರಿ ಚಕ್ರ ಕಟ್ಟಿ ಪೋರ್ಟುಗಳು ನಿಜವಾಗಿ ಎಲ್ಲಿ ತೆರೆಯುತ್ತವೆ ಅಂತ ಬರೆದಿಟ್ಟುಕೊಳ್ಳುವುದು. ಮೇಲ್ತುದಿಯನ್ನು ಕಣ್ಣಳತೆಯಲ್ಲಿ ಹಿಡಿಯಬಾರದು, ಅಲ್ಲಿ ಪಿಸ್ಟನ್ ಕೆಲವು ಡಿಗ್ರಿ ಅಲ್ಲಾಡದೆ ನಿಂತ ಹಾಗೆ ಕಾಣುತ್ತದೆ. ಪ್ಲಗ್ ತೂತಿಗೆ ತಡೆ ಹಾಕಿ ಎರಡೂ ಕಡೆಯಿಂದ ತಿರುಗಿಸಿ ನಡುವನ್ನು ತೆಗೆದುಕೊಳ್ಳಬೇಕು. ಆಮೇಲೆ ಕಂಪ್ರೆಶನ್ ಹೊಂದಿಸಿ, ಕಾರ್ಬ್ಯುರೇಟರಿನ ಜೆಟ್ ಸರಿಮಾಡಿ, ಓಡಿಸಿ, ಬಿಚ್ಚಿ ನೋಡುವುದು. ಪಿಸ್ಟನ್ ಅಂಚು ಎಕ್ಸಾಸ್ಟ್ ಕಡೆ ಮರಳು ಎರಚಿದ ಹಾಗೆ ಬೂದಾಗಿ ಚುಚ್ಚಿಕೊಂಡಿದ್ದರೆ, ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಸಾಸಿವೆಗಿಂತ ಸಣ್ಣ ಬೆಳ್ಳಿ ಚುಕ್ಕೆ ಕೂತಿದ್ದರೆ, ಅದು ಪಿಸ್ಟನ್ನಿನಿಂದಲೇ ಹಾರಿದ ಅಲ್ಯೂಮಿನಿಯಂ. ಹೆಡ್ ಗುಂಡಿ ಸ್ವಲ್ಪ ದೊಡ್ಡದಾಗಬೇಕು. ಅದೇನೂ ಇಲ್ಲ, ತುದಿಯಲ್ಲಿ ಮಾತ್ರ ಎಳೆಯುತ್ತಿಲ್ಲ ಅಂದರೆ ಇಗ್ನಿಶನ್ ತಡಮಾಡಿ ಪೈಪ್ ಬಿಸಿ ಮಾಡಿ ನೋಡುವುದು, ಪೈಪನ್ನೇ ಒಂದೆರಡು ಸೆಂಟಿಮೀಟರ್ ಮೊಟಕು ಮಾಡಿ ನೋಡುವುದು. ಪೈಪ್ ಕತ್ತರಿಸಿದರೆ ಮತ್ತೆ ವೆಲ್ಡ್ ಮಾಡಬಹುದು, ಹೆಡ್ ಕೆಟ್ಟರೆ ಇನ್ನೊಂದು ಹೆಡ್. ಟ್ರಾನ್ಸ್‌ಫರ್ ದಾರಿಯಲ್ಲಿ ಮಸಿ ಕಂಡರೆ ಮಾತ್ರ ಸಿಲಿಂಡರ್ ಗ್ರೈಂಡರ್ ಕೆಳಗೆ ಹೋಗುತ್ತದೆ. ಆಗಲೂ ಮೊದಲು ಅಗಲ, ಆಮೇಲೆ ಅರ್ಧ ಮಿಮೀ ಎತ್ತರ. ಅರೆದ ದಿನವೇ ಬ್ಯುರೆಟ್ ಮತ್ತೆ ಹೊರಗೆ ಬರಬೇಕು, ಹೆಡ್ಡಿನಿಂದ ಆ ಮೂರ್ನಾಲ್ಕು ಹನಿ ಕಡಿಮೆ ಮಾಡುವ ತನಕ ಇಂಜಿನ್ ಸ್ಟಾರ್ಟ್ ಮಾಡುವ ಮಾತಿಲ್ಲ.